ಹೋಸ್ಟ್ಸ್ ಡಾಟ್ ಡಿನೈ ಫೈಲನ್ನು ಈಗ ಯಾರೂ ಓದುವುದಿಲ್ಲ: ಸೆಂಟ್‌ಓಎಸ್ 7 ಬಿಟ್ಟು ಹೊರಡುವವರಿಗೆ

ನಿಮ್ಮ ಆಫೀಸಿನ ಸರ್ವರ್‌ನಲ್ಲಿ ಇನ್ನೂ ಸೆಂಟ್‌ಓಎಸ್ 7 ಎಂಬ ಹಳೆಯ ಲಿನಕ್ಸ್ ಓಡುತ್ತಿದ್ದರೆ, ಅದನ್ನು ಆಲ್ಮಾಲಿನಕ್ಸ್‌ಗೋ ರಾಕಿ ಲಿನಕ್ಸ್‌ಗೋ ಬದಲಾಯಿಸುವ ಮೊದಲು ಒಂದು ಕೆಲಸ ಮಾಡಿ. ಇಟಿಸಿ ಫೋಲ್ಡರ್‌ಗೆ ಹೋಗಿ ಹೋಸ್ಟ್ಸ್ ಡಾಟ್ ಅಲೋ, ಹೋಸ್ಟ್ಸ್ ಡಾಟ್ ಡಿನೈ ಎಂಬ ಎರಡು ಫೈಲ್ ತೆರೆದು ನೋಡಿ. ಸರ್ವರ್‌ಗೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಬರೆದಿಡುತ್ತಿದ್ದದ್ದು ಇವುಗಳಲ್ಲಿ. ಎರಡರಲ್ಲೂ ಹ್ಯಾಷ್ ಗುರುತಿನಿಂದ ಶುರುವಾಗುವ ಕಮೆಂಟ್ ಸಾಲುಗಳು ಮಾತ್ರ ಇದ್ದರೆ ಈ ಬರಹ ನಿಮಗೆ ಬೇಡ. ಒಂದಾದರೂ ನಿಜವಾದ ಸಾಲು ಇದ್ದರೆ, ಅದರಲ್ಲೂ ಡಿನೈ ಫೈಲ್‌ನಲ್ಲಿ "ಆಲ್: ಆಲ್" (ಅಂದರೆ ಎಲ್ಲದಕ್ಕೂ, ಎಲ್ಲರಿಗೂ ತಡೆ) ಎಂದು ಇದ್ದರೆ, ಕೊನೆಯವರೆಗೆ ಓದಿ. ಹೊಸ ಸರ್ವರ್‌ನಲ್ಲಿ ಆ ಸಾಲಿಗೆ ಬೆಲೆಯೇ ಇಲ್ಲ.

ಮಂಗಳೂರು, ಉಡುಪಿ ನಡುವೆ ಕೆಲವು ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ರಥಬೀದಿ ಹತ್ತಿರದ ಒಂದು ಪ್ರಿಂಟಿಂಗ್ ಪ್ರೆಸ್, ಮಲ್ಪೆಯ ಒಂದು ಐಸ್ ಪ್ಲಾಂಟ್ ಆಫೀಸು, ಉಡುಪಿಯ ಒಂದು ರಕ್ತ ಪರೀಕ್ಷೆಯ ಲ್ಯಾಬು, ಹೀಗೆ. ಎಲ್ಲ ಕಡೆ ಕಥೆ ಹೆಚ್ಚುಕಮ್ಮಿ ಒಂದೇ. ಯಾವತ್ತೋ ಯಾರೋ ಹಾಕಿಕೊಟ್ಟ ಸರ್ವರ್. ಅದು ನಿಂತಿಲ್ಲ, ಹಾಗಾಗಿ ಯಾರೂ ಮುಟ್ಟಿಲ್ಲ. ಸೆಂಟ್‌ಓಎಸ್ 7ಕ್ಕೆ ಅಪ್‌ಡೇಟ್ ಬರುವುದು 2024ರ ಜೂನ್ 30ಕ್ಕೆ ನಿಂತುಹೋಗಿದೆ. ಆದ್ದರಿಂದ ಬದಲಾಯಿಸಲೇಬೇಕು. ಬದಲಾಯಿಸುವಾಗ ಈ ಎರಡು ಫೈಲ್‌ಗಳ ವಿಷಯ ಯಾರೂ ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹಾಕಿ. ಎರಡೆರಡು ಅಡ್ಡಗೀಟು ಇರುವ ಕಡೆ ಎರಡೂ ಬೇಕು, ಒಂದು ಸಾಲದು. ಎಲ್ಲವನ್ನೂ ರೂಟ್ ಆಗಿ, ಇಲ್ಲವೇ ಮುಂದೆ ಸುಡೋ ಸೇರಿಸಿ ಓಡಿಸಬೇಕು.

ಏನು ಹೋಯಿತು, ಯಾಕೆ ಹೋಯಿತು

ಈ ಎರಡು ಫೈಲ್‌ಗಳ ಹಿಂದೆ ಇದ್ದದ್ದು ಟಿಸಿಪಿ ರಾಪರ್ಸ್. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವೀಟ್ಸ ವೆನೆಮಾ 1990ರಲ್ಲಿ ಬರೆದ ಸಾಫ್ಟ್‌ವೇರ್. ಅಲ್ಲಿನ ಯುನಿಕ್ಸ್ ಯಂತ್ರಗಳಿಗೆ ಒಬ್ಬ ಕಳ್ಳ ಪದೇ ಪದೇ ನುಗ್ಗುತ್ತಿದ್ದ. ಅವನು ಎಲ್ಲಿಂದ ಬರುತ್ತಾನೆ ಎಂದು ಬರೆದಿಟ್ಟುಕೊಳ್ಳುವುದಕ್ಕೆ ಶುರುವಾದದ್ದು ಇದು. ಆಮೇಲೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಹೇಳುವ ಸೌಲಭ್ಯವೂ ಸೇರಿತು. ಮೇಲ್ ಸರ್ವರ್ ನಡೆಸುವವರಿಗೆ ಈ ವೆನೆಮಾ ಗೊತ್ತೇ ಇರುತ್ತಾರೆ, ಪೋಸ್ಟ್‌ಫಿಕ್ಸ್ ಬರೆದವರೂ ಅವರೇ.

ಆ ಕಾಲಕ್ಕೆ ಇದು ದೊಡ್ಡ ಉಪಕಾರ. ಯಂತ್ರದೊಳಗೇ ಫೈರ್‌ವಾಲ್ ಎನ್ನುವುದು ಆಗ ಎಲ್ಲರ ಕೈಗೆ ಸಿಗುವ ವಸ್ತು ಆಗಿರಲಿಲ್ಲ. ಒಂದು ಫೈಲ್‌ನಲ್ಲಿ ಒಂದು ಸಾಲು ಬರೆದರೆ ಮುಗಿಯಿತು, ಏನನ್ನೂ ರೀಸ್ಟಾರ್ಟ್ ಮಾಡಬೇಕಿರಲಿಲ್ಲ. ಮುಂದಿನ ಕನೆಕ್ಷನ್‌ನಿಂದಲೇ ಹೊಸ ನಿಯಮ ಜಾರಿ. ಇಷ್ಟು ಸುಲಭ ಇದ್ದ ಕಾರಣಕ್ಕೇ ನಮ್ಮ ಊರಿನ ಸರ್ವರ್‌ಗಳಲ್ಲೂ ಇಷ್ಟು ವರ್ಷ ಉಳಿಯಿತು.

ಆದರೆ ಇದರ ಕೊನೆಯ ಆವೃತ್ತಿ 7.6 ಬಂದದ್ದು 1997ರಲ್ಲಿ. ಆಮೇಲೆ ಮೂಲ ಕೋಡ್ ಬೆಳೆಯಲಿಲ್ಲ. ಇನ್ನೊಂದು ತೊಂದರೆ, ಇದು ಕೆಲಸ ಮಾಡುವ ಜಾಗ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಅಲ್ಲ, ಪ್ರತಿ ಪ್ರೋಗ್ರಾಂನ ಒಳಗೆ. ಪ್ರೋಗ್ರಾಂ ಬರೆದವರು ಲಿಬ್‌ರಾಪ್ ಎಂಬ ಲೈಬ್ರರಿ ಸೇರಿಸಿಕೊಂಡಿದ್ದರೆ ಮಾತ್ರ ನಿಯಮ ನಡೆಯುತ್ತದೆ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್ ಸೇರಿಸಿಕೊಂಡಿತ್ತು, ಫೈಲ್ ಕಳಿಸುವ ಎಫ್‌ಟಿಪಿ ಸರ್ವರ್ ವಿಎಸ್‌ಎಫ್‌ಟಿಪಿಡಿ ಸೇರಿಸಿಕೊಂಡಿತ್ತು, ಫೋಲ್ಡರ್ ಹಂಚಿಕೊಳ್ಳುವ ಎನ್‌ಎಫ್‌ಎಸ್‌ಗೆ ಬೇಕಾಗುವ ಆರ್‌ಪಿಸಿಬೈಂಡ್ ಸೇರಿಸಿಕೊಂಡಿತ್ತು. ಅಪಾಚೆ ವೆಬ್ ಸರ್ವರ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. "ಆಲ್: ಆಲ್" ಎಂದು ಬರೆದು ಎಲ್ಲವೂ ಮುಚ್ಚಿದೆ ಎಂದುಕೊಂಡವರಿಗೆ ಆಗಲೂ ಪೂರ್ತಿ ರಕ್ಷಣೆ ಇರಲಿಲ್ಲ.

ಹಾಗಾಗಿ ಒಬ್ಬೊಬ್ಬರೇ ಬಿಡುತ್ತಾ ಬಂದರು. ಆರ್ಚ್ ಲಿನಕ್ಸ್ 2011ರಲ್ಲೇ ಬಿಟ್ಟಿತು. ಓಪನ್‌ಎಸ್‌ಎಸ್‌ಎಚ್ 2014ರಲ್ಲಿ, 6.7ನೇ ಆವೃತ್ತಿಯಲ್ಲಿ, ತನ್ನ ಮೂಲ ಕೋಡ್‌ನಿಂದಲೇ ತೆಗೆದುಹಾಕಿತು. ಫೆಡೋರಾ 2018ರಲ್ಲಿ 28ನೇ ಆವೃತ್ತಿಯೊಂದಿಗೆ ಕೈಬಿಟ್ಟಿತು. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಈ ಪ್ಯಾಕೇಜೇ ಇಲ್ಲ. ಆಲ್ಮಾ, ರಾಕಿ ಎರಡೂ ಅದರ ದಾರಿಯಲ್ಲೇ ನಡೆಯುವವು, ಆದ್ದರಿಂದ ಅವುಗಳಲ್ಲೂ ಇಲ್ಲ. ಸೆಂಟ್‌ಓಎಸ್ 7ರಲ್ಲಿ ಎಸ್‌ಎಸ್‌ಎಚ್‌ಗೆ ಇದು ಉಳಿದಿದ್ದದ್ದು ರೆಡ್ ಹ್ಯಾಟ್‌ನವರು ತೇಪೆ ಹಾಕಿ ಉಳಿಸಿಕೊಂಡಿದ್ದರಿಂದ.

ತೆಗೆದದ್ದು ಸರಿಯೇ ಎನ್ನುವವನು ನಾನು. ನೆಟ್‌ವರ್ಕ್‌ನಿಂದ ಬರುವ ಪ್ಯಾಕೆಟ್ಟನ್ನು ಕರ್ನಲ್‌ನಲ್ಲೇ ತಡೆಯಲು ಆಗುವಾಗ ಪ್ರೋಗ್ರಾಂವರೆಗೆ ಬಿಟ್ಟು ಆಮೇಲೆ ತಡೆಯುವುದು ಯಾಕೆ? ಹಳೆಯ, ಯಾರೂ ನೋಡಿಕೊಳ್ಳದ ಕೋಡ್ ಒಂದು ಲಾಗಿನ್‌ಗೂ ಮೊದಲೇ ಓಡುವುದು ಒಳ್ಳೆಯದಲ್ಲ.

ನನ್ನ ಚಿಂತೆ ಬೇರೆ. ಇದು ಹೋಗುವಾಗ ಸದ್ದು ಮಾಡುವುದಿಲ್ಲ.

ಎರರ್ ಬರುವುದಿಲ್ಲ, ಅದೇ ತೊಂದರೆ

ಸರ್ವರ್ ಬದಲಾಯಿಸುವಾಗ ನಾವು ಎಂತ ಮಾಡುತ್ತೇವೆ? ಹಳೆಯ ಇಟಿಸಿ ಫೋಲ್ಡರ್‌ನಿಂದ ಬೇಕಾದ ಫೈಲ್‌ಗಳನ್ನು ಹೊಸದಕ್ಕೆ ಕಾಪಿ ಮಾಡುತ್ತೇವೆ. ಹೋಸ್ಟ್ಸ್ ಡಾಟ್ ಡಿನೈ ಕೂಡ ಬಂದು ಕೂರುತ್ತದೆ. ಎಸ್‌ಎಸ್‌ಎಚ್ ಶುರುವಾಗುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲು ಇಲ್ಲ. ವಾಚ್‌ಮನ್ ಕೆಲಸ ಬಿಟ್ಟು ಹೋಗಿದ್ದಾನೆ, ಅವನ ರಿಜಿಸ್ಟರ್ ಪುಸ್ತಕ ಮಾತ್ರ ಗೇಟಿನ ಮೇಜಿನ ಮೇಲೆ ಹಾಗೇ ಉಂಟು.

ಇದರ ಮೇಲೆ ಇನ್ನೊಂದು. ಆಲ್ಮಾ, ರಾಕಿಯಲ್ಲಿ ಫೈರ್‌ವಾಲ್ ನಡೆಸುವ ಫೈರ್‌ವಾಲ್‌ಡಿ ಎಂಬ ಪ್ರೋಗ್ರಾಂ ಮೊದಲಿನಿಂದಲೇ ಓಡುತ್ತಿರುತ್ತದೆ. ಅದು ನಿಯಮಗಳನ್ನು ಜೋನ್ ಎಂಬ ಗುಂಪುಗಳಾಗಿ ಇಡುತ್ತದೆ. ಆದರೆ ಅದರ ಪಬ್ಲಿಕ್ ಜೋನ್‌ನಲ್ಲಿ ಎಸ್‌ಎಸ್‌ಎಚ್ ಎಲ್ಲರಿಗೂ ತೆರೆದೇ ಇರುತ್ತದೆ. ಇಲ್ಲದಿದ್ದರೆ ಹೊಸ ಸರ್ವರ್‌ಗೆ ದೂರದಿಂದ ಲಾಗಿನ್ ಆಗುವುದೇ ಸಾಧ್ಯವಿಲ್ಲ, ಅಲ್ವಾ. "ಫೈರ್‌ವಾಲ್ ಆನ್ ಉಂಟು" ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಆನ್ ಇರುವುದು ಬೇರೆ, ನಿಮ್ಮ ಹಳೆಯ ನಿಯಮ ಅದರಲ್ಲಿ ಇರುವುದು ಬೇರೆ.

ಪ್ರೆಸ್ಸಿನ ಸರ್ವರ್ ಬದಲಾಯಿಸುವ ಮೊದಲು ನಾನು ಬೇರೆ ಒಂದು ಯಂತ್ರದಲ್ಲಿ ಆಲ್ಮಾ 9 ಹಾಕಿ, ಹಳೆಯ ಫೈಲ್‌ಗಳನ್ನು ಕಾಪಿ ಮಾಡಿ ನೋಡಿದ್ದೆ. ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ, ಹೊರಗಿನಿಂದ ಬಂದಂತೆ ಎರಡಕ್ಕೂ ಎಸ್‌ಎಸ್‌ಎಚ್ ಕೊಟ್ಟೆ. ಹಳೆಯ ಸರ್ವರ್ ಏನನ್ನೂ ಕೇಳದೆ ಕನೆಕ್ಷನ್ ಮುಚ್ಚಿತು, "ಕನೆಕ್ಷನ್ ಕ್ಲೋಸ್ಡ್ ಬೈ ರಿಮೋಟ್ ಹೋಸ್ಟ್" ಎಂದು ಬಂತು. ಹೊಸದು ಪಾಸ್‌ವರ್ಡ್ ಕೇಳಿತು. ಎರಡರಲ್ಲೂ ಅದೇ ಡಿನೈ ಫೈಲ್, ಅದೇ ಸಾಲು. ಪ್ರೆಸ್ಸಿನ ಮಾಮ್‌ಗೆ ಎರಡು ಸ್ಕ್ರೀನನ್ನೂ ತೋರಿಸಿದೆ. "ಹಾಗಾದರೆ ಇದು ಇಡೀ ಊರಿಗೇ ತೆರೆದಿಟ್ಟ ಹಾಗೆ ಆಯ್ತಲ್ಲ ಮಾರಾಯ" ಎಂದರು. ಹೌದು, ಹಾಗೆಯೇ.

ಮೊದಲು ಹಳೆಯ ಸರ್ವರ್‌ನಲ್ಲಿ ಲೆಕ್ಕ ತೆಗೆಯಿರಿ

ಯಾವ ಪ್ರೋಗ್ರಾಂ ಈ ಫೈಲ್‌ಗಳನ್ನು ಓದುತ್ತದೆ ಎಂದು ತಿಳಿಯಲು:

ಎಲ್‌ಡಿಡಿ /ಯುಎಸ್‌ಆರ್/ಎಸ್‌ಬಿನ್/ಎಸ್‌ಎಸ್‌ಎಚ್‌ಡಿ | ಗ್ರೆಪ್ ಲಿಬ್‌ರಾಪ್

ರಾಪ್ ಎಂಬುದರ ಸ್ಪೆಲ್ಲಿಂಗ್ ಡಬ್ಲ್ಯು ಅಕ್ಷರದಿಂದ ಶುರುವಾಗುತ್ತದೆ, ಮರೆಯಬೇಡಿ. ಒಂದು ಸಾಲು ಉತ್ತರ ಬಂದರೆ ಓದುತ್ತದೆ, ಏನೂ ಬರದಿದ್ದರೆ ಇಲ್ಲ. ಎಸ್‌ಎಸ್‌ಎಚ್‌ಡಿ ಜಾಗದಲ್ಲಿ ವಿಎಸ್‌ಎಫ್‌ಟಿಪಿಡಿ, ಆರ್‌ಪಿಸಿಬೈಂಡ್ ಹೆಸರು ಹಾಕಿ ಅವನ್ನೂ ನೋಡಿ. ಸೆಂಟ್‌ಓಎಸ್ 7ಕ್ಕೆ ಈ ಪರೀಕ್ಷೆ ಸಾಕು. ಬೇರೆ ಕಡೆ ಇದೊಂದನ್ನೇ ನಂಬಬೇಡಿ. ಓಪನ್‌ಎಸ್‌ಎಸ್‌ಎಚ್ 9.8ರಿಂದ ಎಸ್‌ಎಸ್‌ಎಚ್‌ಡಿಯನ್ನು ಎರಡು ಪ್ರೋಗ್ರಾಂ ಆಗಿ ಒಡೆದಿದ್ದಾರೆ. ಕನೆಕ್ಷನ್ ಕಾಯುವುದು ಒಂದು, ಬಂದವರನ್ನು ವಿಚಾರಿಸುವುದು ಇನ್ನೊಂದು.

ಆಮೇಲೆ ಎರಡೂ ಫೈಲ್‌ಗಳನ್ನು ಪ್ರಿಂಟ್ ತೆಗೆದು, ಒಂದೊಂದು ಸಾಲಿನ ಎದುರಿಗೂ "ಇದು ಯಾರು?" ಎಂದು ಬರೆಯಿರಿ. ಈ ಹಂತಕ್ಕೆ ಸಮಯ ಕೊಡಿ. ಮಲ್ಪೆಯ ಆಫೀಸಿನಲ್ಲಿ ಅಲೋ ಫೈಲ್‌ನಲ್ಲಿ ಹೊರಗಿನ ಒಂದು ವಿಳಾಸ ಇತ್ತು. ಯಾರದ್ದು ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಂದೆ ಅಕೌಂಟ್ಸ್ ಸಾಫ್ಟ್‌ವೇರ್ ಹಾಕಿದವರದ್ದು ಇರಬೇಕು ಎಂದು ಒಬ್ಬರು, ಧಣಿಗಳ ಹಳೆಯ ಮನೆಯದ್ದು ಎಂದು ಇನ್ನೊಬ್ಬರು. ಉತ್ತರ ಸಿಗದ ವಿಳಾಸವನ್ನು ಹೊಸ ಸರ್ವರ್‌ಗೆ ಒಯ್ಯಬಾರದು. ನಿಜವಾಗಿ ಬೇಕಾದವರು ಫೋನ್ ಮಾಡಿಯೇ ಮಾಡುತ್ತಾರೆ.

ಹಳೆಯ ಫೈಲ್ ಓದುವ ಕ್ರಮ ಹೀಗೆ. ಮೊದಲು ಅಲೋ ನೋಡುತ್ತದೆ. ಅಲ್ಲಿ ಹೊಂದಿದರೆ ಒಳಗೆ, ವಿಚಾರ ಮುಗಿಯಿತು. ಹೊಂದದಿದ್ದರೆ ಡಿನೈ. ಅಲ್ಲಿ ಹೊಂದಿದರೆ ಹೊರಗೆ. ಎರಡರಲ್ಲೂ ಇಲ್ಲದಿದ್ದರೆ ಒಳಗೆ. ಈ ಕೊನೆಯದನ್ನು ಗಮನಿಸಿ, ಎಷ್ಟೋ ಜನ ತಪ್ಪು ತಿಳಿಯುವುದು ಅಲ್ಲೇ. ಡಿನೈ ಫೈಲ್ ಖಾಲಿ ಇದ್ದರೆ ಅಲೋ ಫೈಲ್‌ನಲ್ಲಿ ಎಷ್ಟು ಸಾಲು ಇದ್ದರೂ ಯಾರನ್ನೂ ತಡೆಯುತ್ತಿರಲಿಲ್ಲ.

ವಿಳಾಸ ಬರೆಯುವ ರೀತಿಯೂ ಬದಲಾಗಬೇಕು. ಹಳೆಯದರಲ್ಲಿ 192.168.10. ಎಂದು ಕೊನೆಗೆ ಚುಕ್ಕಿ ಇಟ್ಟು ಬಿಟ್ಟರೆ ಆ ಇಡೀ ಗುಂಪು ಎಂದು ಅರ್ಥ. ಹೊಸ ಕಡೆ ಅದು 192.168.10.0/24 ಆಗುತ್ತದೆ. 172.16. ಎಂದಿದ್ದರೆ 172.16.0.0/16. ಒಂದೇ ಯಂತ್ರ ಆದರೆ ವಿಳಾಸ ಹಾಗೇ. ಚುಕ್ಕಿಯಿಂದ ಶುರುವಾಗುವ ಡೊಮೇನ್ ಹೆಸರು ಇದ್ದರೆ, ಅದಕ್ಕೆ ಸಮನಾದದ್ದು ಫೈರ್‌ವಾಲ್‌ನಲ್ಲಿ ಇಲ್ಲ. ಬಂದವರ ವಿಳಾಸದಿಂದ ಹೆಸರು ಹುಡುಕಿ ನಂಬುವ ಪದ್ಧತಿಯೇ ಗಟ್ಟಿ ಇರಲಿಲ್ಲ. ಅದಕ್ಕೆ ಬೇರೆ ದಾರಿ ಮುಂದೆ ಹೇಳುತ್ತೇನೆ.

ಫೈರ್‌ವಾಲ್‌ಡಿಯಲ್ಲಿ ಕೂರಿಸುವುದು

ಮುಖ್ಯ ಕೆಲಸ ಇಲ್ಲಿ. ಆದಷ್ಟು ಸರ್ವರ್ ಎದುರಿಗೇ ಕೂತು ಮಾಡಿ, ಮಾನಿಟರ್, ಕೀಬೋರ್ಡ್ ಸಿಕ್ಕಿಸಿಕೊಂಡು. ಮಂಗಳೂರಿನಲ್ಲಿ ಕೂತು ಮಲ್ಪೆಯ ಸರ್ವರ್‌ನಲ್ಲಿ ಒಂದು ಸಾಲು ತಪ್ಪಿದರೆ ಸುಮಾರು 60 ಕಿಲೋಮೀಟರ್ ಹೋಗಬೇಕು, ಅದೂ ಮಳೆಗಾಲದ ಹೆದ್ದಾರಿಯಲ್ಲಿ. ದೂರದಿಂದ ಮಾಡಲೇಬೇಕಾದವರಿಗೂ ಒಂದು ಉಪಾಯ ಉಂಟು.

ಫೈರ್‌ವಾಲ್‌ಡಿಗೆ ಎರಡು ನೆನಪು. ಒಂದು ಈಗ ಓಡುತ್ತಿರುವ ನಿಯಮ, ಇನ್ನೊಂದು ಡಿಸ್ಕ್‌ನಲ್ಲಿ ಬರೆದಿಟ್ಟ ನಿಯಮ. ಕಮಾಂಡ್‌ನಲ್ಲಿ ಪರ್ಮನೆಂಟ್ ಎಂದು ಹಾಕದಿದ್ದರೆ ಈಗಿನದ್ದು ಮಾತ್ರ ಬದಲಾಗುತ್ತದೆ. ರೀಲೋಡ್ ಮಾಡಿದರೆ ಬರೆದಿಟ್ಟದ್ದು ವಾಪಸ್ ಬರುತ್ತದೆ. ಹಾಗಾಗಿ ಬದಲಾವಣೆಗಳನ್ನು ಮೊದಲು ತಾತ್ಕಾಲಿಕವಾಗಿ ಮಾಡಿ, ಹತ್ತು ನಿಮಿಷ ಬಿಟ್ಟು ತಾನಾಗಿ ರೀಲೋಡ್ ಆಗುವಂತೆ ಮೊದಲೇ ಇಟ್ಟರೆ, ಹೊರಗೆ ಸಿಕ್ಕಿಹಾಕಿಕೊಂಡರೂ ಹತ್ತು ನಿಮಿಷದಲ್ಲಿ ಬಾಗಿಲು ತೆರೆಯುತ್ತದೆ.

ಮೊದಲು ಓಡುತ್ತಿದೆಯಾ ನೋಡಿ, ಈಗ ಏನೇನು ತೆರೆದಿದೆ ನೋಡಿ:

ಫೈರ್‌ವಾಲ್-ಸಿಎಂಡಿ --ಸ್ಟೇಟ್
ಫೈರ್‌ವಾಲ್-ಸಿಎಂಡಿ --ಲಿಸ್ಟ್-ಆಲ್

ಸರ್ವಿಸಸ್ ಎಂಬ ಸಾಲಿನಲ್ಲಿ ಸಾಮಾನ್ಯವಾಗಿ ಕಾಕ್‌ಪಿಟ್, ಡಿಎಚ್‌ಸಿಪಿವಿ6-ಕ್ಲೈಂಟ್, ಎಸ್‌ಎಸ್‌ಎಚ್ ಇರುತ್ತವೆ. ಕಾಕ್‌ಪಿಟ್ ಎಂದರೆ ಬ್ರೌಸರ್‌ನಿಂದ ಸರ್ವರ್ ನಡೆಸುವ ಪುಟ, 9090ನೇ ಪೋರ್ಟ್. ಎಸ್‌ಎಸ್‌ಎಚ್ ಮುಚ್ಚಿ ಇದನ್ನು ತೆರೆದಿಟ್ಟರೆ ಏನು ಪ್ರಯೋಜನ? ಅದೇ ಯೂಸರ್, ಅದೇ ಪಾಸ್‌ವರ್ಡ್‌ನಿಂದ ಅಲ್ಲೂ ಒಳಗೆ ಬರಬಹುದು. ಎರಡನ್ನೂ ಒಟ್ಟಿಗೆ ಯೋಚಿಸಿ.

ಈಗ ಆಫೀಸ್ ಎಂಬ ಹೊಸ ಜೋನ್ ಮಾಡಿ. ಹೊಸ ಜೋನ್ ಮಾಡುವುದು ಪರ್ಮನೆಂಟ್ ಆಗಿಯೇ ಆಗಬೇಕು, ಇದರಿಂದ ಅಪಾಯ ಏನಿಲ್ಲ:

ಫೈರ್‌ವಾಲ್-ಸಿಎಂಡಿ --ಪರ್ಮನೆಂಟ್ --ನ್ಯೂ-ಜೋನ್=ಆಫೀಸ್
ಫೈರ್‌ವಾಲ್-ಸಿಎಂಡಿ --ರೀಲೋಡ್

ಹತ್ತು ನಿಮಿಷದ ಉಪಾಯ:

ಸಿಸ್ಟಂಡಿ-ರನ್ --ಆನ್-ಆಕ್ಟಿವ್=10ಮಿನ್ ಫೈರ್‌ವಾಲ್-ಸಿಎಂಡಿ --ರೀಲೋಡ್

ಇನ್ನು ತಾತ್ಕಾಲಿಕ ಬದಲಾವಣೆ. ಪ್ರೆಸ್ಸಿನ ಒಳಗಿನ ನೆಟ್‌ವರ್ಕ್ 192.168.10.0/24 ಎಂದಿಟ್ಟುಕೊಳ್ಳಿ:

ಫೈರ್‌ವಾಲ್-ಸಿಎಂಡಿ --ಜೋನ್=ಆಫೀಸ್ --ಆ್ಯಡ್-ಸೋರ್ಸ್=192.168.10.0/24
ಫೈರ್‌ವಾಲ್-ಸಿಎಂಡಿ --ಜೋನ್=ಆಫೀಸ್ --ಆ್ಯಡ್-ಸರ್ವಿಸ್=ಎಸ್‌ಎಸ್‌ಎಚ್
ಫೈರ್‌ವಾಲ್-ಸಿಎಂಡಿ --ಜೋನ್=ಆಫೀಸ್ --ಆ್ಯಡ್-ಸರ್ವಿಸ್=ಸಾಂಬಾ
ಫೈರ್‌ವಾಲ್-ಸಿಎಂಡಿ --ಜೋನ್=ಪಬ್ಲಿಕ್ --ರಿಮೂವ್-ಸರ್ವಿಸ್=ಎಸ್‌ಎಸ್‌ಎಚ್

ಮೂರನೆಯ ಸಾಲು ಯಾಕೆ ಎಂದು ಕೇಳಬಹುದು. ಫೋಲ್ಡರ್ ಶೇರ್ ಮಾಡುವ ಸಾಂಬಾ ಹಳೆಯ ಅಲೋ ಫೈಲ್‌ನಲ್ಲಿ ಇರಲೇ ಇಲ್ಲ. ಆದರೆ ಫೈರ್‌ವಾಲ್‌ಡಿ ಮೊದಲು ನೋಡುವುದು ಪ್ಯಾಕೆಟ್ ಎಲ್ಲಿಂದ ಬಂತು ಎಂದು. ಆಫೀಸ್ ಜೋನ್‌ಗೆ ಸೇರಿದ ವಿಳಾಸ ಎಂದು ಗೊತ್ತಾದರೆ ಆ ಜೋನ್‌ನ ನಿಯಮ ಮಾತ್ರ ಲೆಕ್ಕಕ್ಕೆ. ಪಬ್ಲಿಕ್‌ನಲ್ಲಿ ಏನು ತೆರೆದಿದೆ ಎಂಬುದು ಆ ಯಂತ್ರಗಳಿಗೆ ಅನ್ವಯಿಸುವುದಿಲ್ಲ. ಎಸ್‌ಎಸ್‌ಎಚ್ ಒಂದನ್ನೇ ಆಫೀಸ್ ಜೋನ್‌ಗೆ ಹಾಕಿ ಎದ್ದು ಹೋದರೆ, ಡಿಸೈನ್ ಮಾಡುವ ಹುಡುಗರ ಕಂಪ್ಯೂಟರ್‌ನಲ್ಲಿ ಶೇರ್ ಫೋಲ್ಡರ್ ತೆರೆಯುವುದಿಲ್ಲ. ಮದುವೆ ಸೀಸನ್‌ನಲ್ಲಿ ಆಮಂತ್ರಣ ಪತ್ರಿಕೆಯ ಫೈಲ್‌ಗಳೆಲ್ಲ ಅದರಲ್ಲೇ ಇರುವಾಗ ಹಾಗೆ ಆದರೆ ಯಾರೂ ಸುಮ್ನೆ ಇರುವುದಿಲ್ಲ. ಆಫೀಸಿನ ಒಳಗಿನವರು ಸರ್ವರ್‌ನಿಂದ ಏನೇನು ಬಳಸುತ್ತಾರೆ ಎಂದು ಪಟ್ಟಿ ಮಾಡಿ, ಎಲ್ಲವನ್ನೂ ಆಫೀಸ್ ಜೋನ್‌ಗೆ ಹಾಕಿ. ವೆಬ್ ಪುಟ ಇದ್ದರೆ ಎಚ್‌ಟಿಟಿಪಿ, ಬೇಕಾದರೆ ಕಾಕ್‌ಪಿಟ್.

ಪಬ್ಲಿಕ್‌ನಿಂದ ಎಸ್‌ಎಸ್‌ಎಚ್ ತೆಗೆದ ಮೇಲೂ ನೀವು ಈಗಾಗಲೇ ತೆರೆದಿಟ್ಟ ಎಸ್‌ಎಸ್‌ಎಚ್ ಕಿಟಕಿ ಕಡಿಯುವುದಿಲ್ಲ. ಅದನ್ನು ಮುಚ್ಚಬೇಡಿ. ಇನ್ನೊಂದು ಕಿಟಕಿ ತೆರೆದು ಹೊಸದಾಗಿ ಲಾಗಿನ್ ಆಗಿ ನೋಡಿ. ಆಯಿತು ಎಂದಾದರೆ ಮಾತ್ರ ಡಿಸ್ಕ್‌ಗೆ ಬರೆಯಿರಿ:

ಫೈರ್‌ವಾಲ್-ಸಿಎಂಡಿ --ರನ್‌ಟೈಮ್-ಟು-ಪರ್ಮನೆಂಟ್

ಆಮೇಲೆ ಹತ್ತು ನಿಮಿಷದ ರೀಲೋಡ್ ಬಂದರೂ ಪರವಾಗಿಲ್ಲ, ಅದು ಈಗ ಹೊಸ ನಿಯಮವನ್ನೇ ಓದುತ್ತದೆ.

ಹಳೆಯ ಫೈಲ್‌ನಲ್ಲಿ "ಎಕ್ಸೆಪ್ಟ್" ಎಂದು ಹಾಕಿ ಒಂದು ಯಂತ್ರವನ್ನು ಹೊರಗಿಟ್ಟಿದ್ದರೆ, ರಿಚ್ ರೂಲ್ ಎಂಬುದನ್ನು ಬಳಸಬೇಕು. ಆಫೀಸ್ ಜೋನ್‌ನಲ್ಲಿ ಆ ಒಂದು ವಿಳಾಸಕ್ಕೆ ರಿಜೆಕ್ಟ್ ಎಂದು ಒಂದು ರಿಚ್ ರೂಲ್ ಹಾಕಿದರೆ ಸಾಕು. ಒಂದೇ ಜೋನ್‌ನಲ್ಲಿ ಬೇಡ ಎನ್ನುವ ನಿಯಮವನ್ನು ಬೇಕು ಎನ್ನುವುದಕ್ಕಿಂತ ಮೊದಲೇ ನೋಡುತ್ತದೆ.

ತಡೆದದ್ದು ಲಾಗ್‌ನಲ್ಲಿ ಕಾಣಬೇಕು ಎನ್ನುವವರು --ಸೆಟ್-ಲಾಗ್-ಡಿನೈಡ್=ಯುನಿಕಾಸ್ಟ್ ಎಂದು ಹಾಕಬಹುದು. ಇಂಟರ್ನೆಟ್‌ಗೆ ನೇರ ತೆರೆದ ಸರ್ವರ್ ಆದರೆ ಲಾಗ್ ತುಂಬಾ ಬರುತ್ತದೆ. ಒಂದು ವಾರ ನೋಡಿ ಆಫ್ ಮಾಡಿದರೂ ನಡೆಯುತ್ತದೆ.

ಎಸ್‌ಎಸ್‌ಎಚ್‌ಗೆ ಎರಡನೇ ಬೀಗ

ಫೈರ್‌ವಾಲ್ ಒಂದನ್ನೇ ನಂಬಬೇಡಿ. ಯಾರೋ ಒಬ್ಬರು ಯಾವುದೋ ಸಮಸ್ಯೆ ಹುಡುಕುವಾಗ "ಒಮ್ಮೆ ಫೈರ್‌ವಾಲ್ ಆಫ್ ಮಾಡಿ ನೋಡುವ" ಎನ್ನುತ್ತಾರೆ, ಆನ್ ಮಾಡಲು ಮರೆಯುತ್ತಾರೆ. ಅದಕ್ಕೆ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲೇ ಅಲೋಯೂಸರ್ಸ್ (ನಡುವೆ ಜಾಗ ಬಿಡದೆ) ಎಂಬ ಸಾಲು ಹಾಕಿ. ಯೂಸರ್ ಹೆಸರು, ಅಟ್ ಚಿಹ್ನೆ, ಆಮೇಲೆ 192.168.10.0/24. ಆ ಯೂಸರ್ ಆ ನೆಟ್‌ವರ್ಕ್‌ನಿಂದ ಬಂದರೆ ಮಾತ್ರ ಒಳಗೆ. ಟಿಸಿಪಿ ರಾಪರ್ಸ್ ಲಾಗಿನ್ ಆಗುವ ಯೂಸರ್ ಹೆಸರನ್ನು ನೋಡುತ್ತಿರಲಿಲ್ಲ. ಇಲ್ಲಿ ಯಾರು ಮತ್ತು ಎಲ್ಲಿಂದ, ಎರಡನ್ನೂ ಒಂದೇ ಸಾಲಿನಲ್ಲಿ ಹೇಳಬಹುದು. ಅಷ್ಟರ ಮಟ್ಟಿಗೆ ಹಳೆಯದಕ್ಕಿಂತ ಇದು ಒಳ್ಳೆಯದು.

ಎಚ್ಚರ ಏನೆಂದರೆ, ಈ ಸಾಲು ಬಂದ ಕೂಡಲೇ ಅದರಲ್ಲಿ ಹೆಸರು ಇಲ್ಲದ ಎಲ್ಲರೂ ಹೊರಗೆ. ಬ್ಯಾಕಪ್‌ಗೆ ಅಂತ ಬೇರೆ ಯೂಸರ್ ಇದ್ದರೆ ಅದರ ಹೆಸರನ್ನೂ ಸೇರಿಸಿ. ಸೇವ್ ಮಾಡಿದ ಮೇಲೆ ಎಸ್‌ಎಸ್‌ಎಚ್‌ಡಿ -ಟಿ ಎಂದು ಕೊಟ್ಟು ಫೈಲ್ ಸರಿ ಇದೆಯಾ ನೋಡಿ. ಏನೂ ಉತ್ತರ ಬರದಿದ್ದರೆ ಸರಿ ಇದೆ ಎಂದು ಅರ್ಥ. ಆಮೇಲೆ ಸಿಸ್ಟಂಸಿಟಿಎಲ್ ರೀಲೋಡ್ ಎಸ್‌ಎಸ್‌ಎಚ್‌ಡಿ.

ವಿಎಸ್‌ಎಫ್‌ಟಿಪಿಡಿ ಬಳಸುವವರಿಗೆ ಒಂದು ಮಾತು. ಅದರ ಕಾನ್ಫಿಗ್‌ನಲ್ಲಿ ಟಿಸಿಪಿ ರಾಪರ್ಸ್ ಯೆಸ್ ಎಂಬ ಸಾಲು ಇದ್ದರೆ ಹೊಸ ಸರ್ವರ್‌ನಲ್ಲಿ ಅದು "500 ಊಪ್ಸ್" ಎಂದು ದೂರು ಹೇಳಿ ಕನೆಕ್ಷನ್ ಕೊಡುವುದಿಲ್ಲ. ಕೆಲಸ ನಿಂತದ್ದಕ್ಕೆ ಬೈಯಬೇಡಿ, ಕೇಳಿದ ರಕ್ಷಣೆ ಕೊಡಲು ಆಗುವುದಿಲ್ಲ ಎಂದು ಅದು ಬಾಯಿ ಬಿಟ್ಟು ಹೇಳುತ್ತದೆ. ಎಲ್ಲ ಪ್ರೋಗ್ರಾಂಗಳೂ ಹೀಗೆ ಹೇಳಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಆ ಸಾಲನ್ನು ನೋ ಎಂದು ಮಾಡಿ, ವಿಳಾಸದ ನಿಯಮವನ್ನು ಫೈರ್‌ವಾಲ್‌ನಲ್ಲಿ ಹಾಕಿ.

ಹಳೆಯ ಕ್ರಮವೇ ಬೇಕು ಎನ್ನುವವರಿಗೆ

ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಂಡಿಯ 235ನೇ ಆವೃತ್ತಿಯಿಂದ, ಅಂದರೆ 2017ರಿಂದ, ಒಂದೊಂದು ಸರ್ವಿಸ್‌ಗೂ ಬೇರೆ ಬೇರೆ ವಿಳಾಸದ ನಿಯಮ ಹಾಕಬಹುದು. ಸಿಸ್ಟಂಸಿಟಿಎಲ್ ಎಡಿಟ್ ಎಂದು ಸರ್ವಿಸ್ ಹೆಸರು ಕೊಟ್ಟು, ತೆರೆದ ಫೈಲ್‌ನಲ್ಲಿ ಚೌಕ ಬ್ರ್ಯಾಕೆಟ್ ಒಳಗೆ ಸರ್ವಿಸ್ ಎಂದು ಬರೆದು ಕೆಳಗೆ:

ಐಪಿಅಡ್ರೆಸ್‌ಡಿನೈ=ಎನಿ
ಐಪಿಅಡ್ರೆಸ್‌ಅಲೋ=ಲೋಕಲ್‌ಹೋಸ್ಟ್ 192.168.10.0/24

ಇಲ್ಲಿ ಬ್ರ್ಯಾಕೆಟ್ ಒಳಗಿನ ಸರ್ವಿಸ್, ಐಪಿ, ಅಡ್ರೆಸ್, ಡಿನೈ, ಅಲೋ ಪದಗಳ ಮೊದಲ ಅಕ್ಷರ ದೊಡ್ಡದು, ಐಪಿಯ ಎರಡೂ ದೊಡ್ಡದು, ನಡುವೆ ಜಾಗ ಬಿಡಬಾರದು. ಸರ್ವಿಸ್ ರೀಸ್ಟಾರ್ಟ್ ಮಾಡಬೇಕು. ಇದರ ಕ್ರಮ ನೋಡಿ: ಅಲೋದಲ್ಲಿ ಇದ್ದರೆ ಒಳಗೆ, ಇಲ್ಲದೆ ಡಿನೈಯಲ್ಲಿ ಇದ್ದರೆ ಹೊರಗೆ, ಎರಡರಲ್ಲೂ ಇಲ್ಲದಿದ್ದರೆ ಒಳಗೆ. ಹಳೆಯ ಎರಡು ಫೈಲ್‌ಗಳದ್ದೂ ಇದೇ ಕ್ರಮ. ಆದರೆ ತಡೆಯುವುದು ಕರ್ನಲ್, ಪ್ರೋಗ್ರಾಂಗೆ ಯಾವ ಲೈಬ್ರರಿಯೂ ಬೇಡ.

ಒಂದು ವ್ಯತ್ಯಾಸ ಉಂಟು. ಇದು ಒಳಗೆ ಬರುವುದನ್ನು ಮಾತ್ರ ಅಲ್ಲ, ಆ ಸರ್ವಿಸ್ ಹೊರಗೆ ಕಳಿಸುವುದನ್ನೂ ತಡೆಯುತ್ತದೆ. ಲ್ಯಾಬಿನಲ್ಲಿ ರಿಪೋರ್ಟನ್ನು ಹೊರಗಿನ ಸರ್ವರ್‌ಗೆ ಕಳಿಸುವ ಪ್ರೋಗ್ರಾಂ ಇದ್ದರೆ, ಆ ಹೊರಗಿನ ವಿಳಾಸವನ್ನೂ ಅಲೋ ಸಾಲಿನಲ್ಲಿ ಬರೆಯಬೇಕು. ಹೆಸರು ಹುಡುಕಲು ಬೇಕಾಗುವ ಡಿಎನ್‌ಎಸ್ ಸರ್ವರ್‌ನ ವಿಳಾಸವೂ ಬೇಕು. ನಾನು ಇದನ್ನು ಒಳಗಿನ ಸಣ್ಣ ಸರ್ವಿಸ್‌ಗಳಿಗೆ ಬಳಸುತ್ತೇನೆ, ಎಸ್‌ಎಸ್‌ಎಚ್‌ಗೆ ಬಳಸುವುದಿಲ್ಲ.

ಡಿನೈಹೋಸ್ಟ್ಸ್ ಬಳಸುತ್ತಿದ್ದವರು ಇದನ್ನು ಓದಿ

ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯಲು ಡಿನೈಹೋಸ್ಟ್ಸ್ ಎಂಬ ಪ್ರೋಗ್ರಾಂ ಒಂದು ಕಾಲದಲ್ಲಿ ತುಂಬಾ ನಡೆಯಿತು. ಅದು ಲಾಗ್ ಓದಿ, ಅಂಥವರ ವಿಳಾಸವನ್ನು ಹೋಸ್ಟ್ಸ್ ಡಾಟ್ ಡಿನೈ ಫೈಲ್‌ಗೆ ಬರೆಯುತ್ತದೆ. ಹೊಸ ಸರ್ವರ್‌ನಲ್ಲೂ ಅದು ಬರೆಯುತ್ತಲೇ ಇರುತ್ತದೆ. ಫೈಲ್ ಉದ್ದ ಆಗುತ್ತಾ ಹೋಗುತ್ತದೆ, ತಡೆಯುವುದು ಒಬ್ಬರನ್ನೂ ಇಲ್ಲ. ಫೈಲ್ ಬೆಳೆಯುವುದನ್ನು ನೋಡಿ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದು ಯಾರಿಗಾದರೂ ಅನಿಸುತ್ತದೆ. ಇದರಷ್ಟು ಅಪಾಯದ ನೆಮ್ಮದಿ ಇನ್ನೊಂದಿಲ್ಲ.

ಅದನ್ನು ತೆಗೆದು ಅದೇ ಕೆಲಸ ಮಾಡುವ ಫೇಲ್‌ಟುಬ್ಯಾನ್ ಹಾಕಿ, ಆಲ್ಮಾ, ರಾಕಿಗೆ ಇಪಿಇಎಲ್ ಎಂಬ ಹೆಚ್ಚುವರಿ ಪ್ಯಾಕೇಜುಗಳ ರೆಪಾಸಿಟರಿಯಲ್ಲಿ ಸಿಗುತ್ತದೆ. ಮೊದಲೇ ಫೇಲ್‌ಟುಬ್ಯಾನ್ ಇದ್ದವರೂ ಒಮ್ಮೆ ಅದರ ಬ್ಯಾನ್ ಆ್ಯಕ್ಷನ್ ಏನೆಂದು ನೋಡಿ. ಹೋಸ್ಟ್ಸ್‌ಡಿನೈ ಎಂದಿದ್ದರೆ ಕಥೆ ಅದೇ. ಫೈರ್‌ವಾಲ್‌ಡಿ ಮೂಲಕ ತಡೆಯುವ ಆ್ಯಕ್ಷನ್‌ಗೆ ಬದಲಾಯಿಸಿ.

ಮನೆಯಿಂದ ಬರುವವರು

ಪ್ರೆಸ್ಸಿನ ಮಾಮ್‌ಗೆ ರಾತ್ರಿ ಮನೆಯಿಂದ ಫೈಲ್ ನೋಡುವ ಅಭ್ಯಾಸ. ಮನೆಯ ಇಂಟರ್ನೆಟ್ ವಿಳಾಸ ಬದಲಾಗುತ್ತಿರುತ್ತದೆ, ಮೊಬೈಲ್‌ನದ್ದಂತೂ ಕೇಳುವುದೇ ಬೇಡ. ಹಳೆಯ ಸರ್ವರ್‌ನಲ್ಲಿ ಇದಕ್ಕೆ ಒಂದು ದೊಡ್ಡ ಗುಂಪಿನ ವಿಳಾಸವನ್ನೇ ಅಲೋದಲ್ಲಿ ಬರೆದಿದ್ದರು. ಅದರಿಂದ ಆ ಕಂಪನಿಯ ಇಂಟರ್ನೆಟ್ ಇರುವ ಅದೆಷ್ಟೋ ಮನೆಗಳಿಗೆ ಬಾಗಿಲು ತೆರೆದಿತ್ತು.

ಇದಕ್ಕೆ ಸರಿಯಾದ ಪರಿಹಾರ ವೈರ್‌ಗಾರ್ಡ್ ಎಂಬ ವಿಪಿಎನ್. 2020ರಲ್ಲಿ ಬಂದ 5.6ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನ ಒಳಗೇ ಇದೆ. ಸರ್ವರ್‌ನಲ್ಲಿ ಒಂದು ಯುಡಿಪಿ ಪೋರ್ಟ್ ಮಾತ್ರ ತೆರೆದಿಡುತ್ತೀರಿ, ಸಾಮಾನ್ಯವಾಗಿ 51820. ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಮಾಮ್‌ನ ಫೋನ್‌ಗೆ ವೈರ್‌ಗಾರ್ಡ್ ಆ್ಯಪ್ ಹಾಕಿ, ಸರ್ವರ್ ಕಡೆಯಿಂದ ತೋರಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸಿದರೆ ಆಯಿತು. ಆಮೇಲೆ ಅವರು ಎಲ್ಲಿಂದ ಬಂದರೂ ಸರ್ವರ್‌ಗೆ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತದೆ. ಆ ವಿಳಾಸವನ್ನು ಆಫೀಸ್ ಜೋನ್‌ಗೆ ಸೇರಿಸಿ. ರೌಟರ್‌ನಲ್ಲಿ ಎಸ್‌ಎಸ್‌ಎಚ್‌ಗೆ ಅಂತ ಇಟ್ಟಿದ್ದ ಪೋರ್ಟ್ ಫಾರ್ವರ್ಡ್ ತೆಗೆದುಹಾಕಿ. ಹೊರಗಿನಿಂದ ಎಸ್‌ಎಸ್‌ಎಚ್ ತೆರೆದಿಡುವ ಅಗತ್ಯವೇ ಇರುವುದಿಲ್ಲ.

ಡೆಬಿಯನ್, ಉಬುಂಟು ಬಳಸುವವರಿಗೆ: ಡೆಬಿಯನ್ 12, ಉಬುಂಟು 24.04ರ ಎಸ್‌ಎಸ್‌ಎಚ್‌ನಲ್ಲಿ ತೇಪೆ ಹಾಕಿ ಇದನ್ನು ಉಳಿಸಿಕೊಂಡಿದ್ದಾರೆ. ಆದರೂ ಈಗಲೇ ಬಿಟ್ಟುಬಿಡಿ. ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಪ್ರೋಗ್ರಾಂನಲ್ಲಿ ಒಂದೇ ಸಾಲು:

ಯುಎಫ್‌ಡಬ್ಲ್ಯು ಅಲೋ ಫ್ರಮ್ 192.168.10.0/24 ಟು ಎನಿ ಪೋರ್ಟ್ 22 ಪ್ರೋಟೊ ಟಿಸಿಪಿ

ಮೊದಲೇ ಎಲ್ಲರಿಗೂ 22 ತೆರೆದಿದ್ದ ಸಾಲು ಇದ್ದರೆ ಅದನ್ನು ಅಳಿಸಬೇಕು, ಇಲ್ಲದಿದ್ದರೆ ಮೇಲಿನ ಸಾಲು ಇದ್ದೂ ಇಲ್ಲದ ಹಾಗೆ.

ಹೊರಗಿನಿಂದ ತಟ್ಟಿ ನೋಡದೆ ಮನೆಗೆ ಹೋಗಬೇಡಿ

ಫೈಲ್ ನೋಡಿ ಸರಿ ಇದೆ ಎನ್ನುವುದು ಪರೀಕ್ಷೆ ಅಲ್ಲ. ಆಫೀಸಿನ ವೈಫೈ ಆಫ್ ಮಾಡಿ, ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಹಾಕಿ, ಆಫೀಸಿನ ಹೊರ ವಿಳಾಸಕ್ಕೆ ಎಸ್‌ಎಸ್‌ಎಚ್ ಕೊಡಿ. ರೌಟರ್‌ನ ಪೋರ್ಟ್ ಫಾರ್ವರ್ಡ್ ತೆಗೆಯುವ ಮೊದಲೇ ಈ ಪರೀಕ್ಷೆ ಮಾಡಿ, ಆಗ ಸರ್ವರ್‌ನ ನಿಯಮ ನಿಜವಾಗಿ ಕೆಲಸ ಮಾಡುತ್ತದಾ ಎಂದು ಗೊತ್ತಾಗುತ್ತದೆ. "ನೋ ರೌಟ್ ಟು ಹೋಸ್ಟ್" ಎಂದು ಬಂದರೆ ಅಥವಾ ಸುಮ್ಮನೆ ಕಾದು ಕಾದು ಟೈಮ್‌ಔಟ್ ಆದರೆ ಫೈರ್‌ವಾಲ್ ತಡೆದಿದೆ. ಪಾಸ್‌ವರ್ಡ್ ಕೇಳಿದರೆ ತಡೆದಿಲ್ಲ, ಹಿಂದೆ ಹೋಗಿ ನೋಡಿ.

ಹಾಗೆ ಪಾಸ್‌ವರ್ಡ್ ಕೇಳಿದರೆ ಬೇಕೆಂದೇ ಒಂದು ತಪ್ಪು ಪಾಸ್‌ವರ್ಡ್ ಕೊಟ್ಟು, ಜರ್ನಲ್‌ಸಿಟಿಎಲ್ -ಯು ಎಸ್‌ಎಸ್‌ಎಚ್‌ಡಿ ಎಂದು ಲಾಗ್ ತೆರೆಯಿರಿ. ಯಾವ ವಿಳಾಸದಿಂದ ಬಂತು ಎಂದು ಅಲ್ಲಿ ಬರೆದಿರುತ್ತದೆ. ಹೊರಗಿನ ವಿಳಾಸದ ಬದಲು 192.168.10.1 ಎಂದು ರೌಟರ್‌ನ ವಿಳಾಸವೇ ಕಂಡರೆ ತೊಂದರೆ ರೌಟರ್‌ನಲ್ಲಿ. ಕೆಲವು ರೌಟರ್‌ಗಳು ಫಾರ್ವರ್ಡ್ ಮಾಡುವಾಗ ಬಂದವರ ವಿಳಾಸ ಅಳಿಸಿ ತಮ್ಮದನ್ನು ಹಾಕುತ್ತವೆ. ಆಗ ಜಗತ್ತಿನ ಯಾರು ಬಂದರೂ ಸರ್ವರ್ ಕಣ್ಣಿಗೆ ಆಫೀಸಿನ ಒಳಗಿನವರೇ. ಅಂಥ ರೌಟರ್ ಇದ್ದರೆ ವಿಳಾಸದ ನಿಯಮದಿಂದ ಪ್ರಯೋಜನ ಇಲ್ಲ, ಪೋರ್ಟ್ ಫಾರ್ವರ್ಡ್ ತೆಗೆದು ವೈರ್‌ಗಾರ್ಡ್‌ಗೆ ಹೋಗುವುದೇ ದಾರಿ.

ಐಪಿವಿ6 ಮೂಲಕವೂ ಒಮ್ಮೆ ನೋಡಿ. ಪಬ್ಲಿಕ್ ಜೋನ್‌ನಿಂದ ಎಸ್‌ಎಸ್‌ಎಚ್ ತೆಗೆದಿದ್ದರೆ ಎರಡೂ ಬಗೆಯಲ್ಲಿ ಮುಚ್ಚಿರುತ್ತದೆ, ಆದರೂ ನೋಡಿ. ಸರ್ವರ್ ಒಮ್ಮೆ ರೀಬೂಟ್ ಮಾಡಿ ಇದೆಲ್ಲವನ್ನೂ ಮತ್ತೆ ಮಾಡಿ. ಡಿಸ್ಕ್‌ಗೆ ಬರೆಯದೆ ಉಳಿದದ್ದು ಏನಾದರೂ ಇದ್ದರೆ ಆಗ ಗೊತ್ತಾಗುತ್ತದೆ. ನಮ್ಮ ಕಡೆ ಕರೆಂಟ್ ಹೋಗಿ ಯುಪಿಎಸ್ ಖಾಲಿಯಾಗಿ ಸರ್ವರ್ ರೀಬೂಟ್ ಆಗುವುದು ಮಳೆಗಾಲದಲ್ಲಿ ಹೊಸದಲ್ಲ.

ಹೊಸ ಸರ್ವರ್‌ನಲ್ಲಿ ಉಳಿದ ಹಳೆಯ ಎರಡು ಫೈಲ್‌ಗಳನ್ನು ಅಳಿಸಿ. ಬ್ಯಾಕಪ್ ಸ್ಕ್ರಿಪ್ಟ್ ಅವನ್ನು ವಾಪಸ್ ತಂದು ಹಾಕದಂತೆ ಅದರ ಪಟ್ಟಿಯಿಂದಲೂ ತೆಗೆಯಿರಿ. ಅಳಿಸಲು ಮನಸ್ಸಿಲ್ಲದಿದ್ದರೆ ಒಳಗಿನದ್ದೆಲ್ಲ ತೆಗೆದು, "ಈ ಫೈಲ್ ಯಾರೂ ಓದುವುದಿಲ್ಲ, ನಿಯಮ ಇರುವುದು ಫೈರ್‌ವಾಲ್‌ಡಿಯ ಆಫೀಸ್ ಜೋನ್‌ನಲ್ಲಿ" ಎಂದು ಒಂದು ಕಮೆಂಟ್ ಸಾಲು ಬರೆದು, ಕೆಳಗೆ ತಾರೀಕು ಹಾಕಿಡಿ.